ಪೋಕೆಮಾನ್ ಕಾರ್ಡ್: ಓದೋದು, ಕೊಳ್ಳೋದು, ಆಡೋದು ಹೇಗೆ?

“ಮಗನ ಹತ್ತಿರ ಚಿನ್ನದ ಬಣ್ಣದ ಪಿಕಾಚು ಕಾರ್ಡ್ ಇದೆ, ಎಷ್ಟು ಬೆಲೆ ಬಾಳುತ್ತೆ?” “ಆಟಿಕೆ ಅಂಗಡಿಯಲ್ಲಿ ಸಿಗೋ ಪ್ಯಾಕ್ ಅಸಲಿನಾ?” “ಮನೆಯಲ್ಲಿ ರಾಶಿ ಕಾರ್ಡ್ ಬಿದ್ದಿದೆ, ಆಡೋದು ಹೇಗೆ ಅಂತಾನೇ ಗೊತ್ತಿಲ್ಲ.” ಪೋಕೆಮಾನ್ ಕಾರ್ಡಿನ ವಿಷಯ ಬಂದಾಗಲೆಲ್ಲ ಓದುಗರು ಕೇಳುವುದು ಈ ಮೂರನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ.

ಮೂರಕ್ಕೂ ಉತ್ತರ ಕಾರ್ಡಿನ ಮೇಲೇ ಅಚ್ಚಾಗಿದೆ. ಕಾರ್ಡ್ ಓದಲು ಬಂದರೆ ನಕಲಿ ಯಾವುದು ಅಂತ ಗೊತ್ತಾಗುತ್ತೆ, ಬೆಲೆಯ ಅಂದಾಜು ಸಿಗುತ್ತೆ, ಆಟದ ಅರ್ಧ ನಿಯಮವೂ ಬಂದುಬಿಡುತ್ತೆ. ನಮ್ಮ ಕಡೆ ಹೆಚ್ಚಿನ ಮಕ್ಕಳು ಇದನ್ನು ಡಬ್ಲ್ಯುಡಬ್ಲ್ಯುಇ ಟ್ರಂಪ್ ಕಾರ್ಡ್ ಆಡಿದ ಹಾಗೆ ಆಡುತ್ತಾರೆ. “ನಂದು 330, ನಿಂದು ಎಷ್ಟು?” ಅಂತ ದೊಡ್ಡ ಸಂಖ್ಯೆ ಇದ್ದವನು ಗೆದ್ದ. ಆಡಲಿ ಬಿಡಿ, ತಪ್ಪೇನಿಲ್ಲ. ಆದರೆ ಕಾರ್ಡಿನ ಮೇಲಿರುವ ಉಳಿದದ್ದೆಲ್ಲ ಹಾಗೆ ಆಡಿದರೆ ದಂಡ.

ಮೊದಲು ಸ್ವಲ್ಪ ಹಿನ್ನೆಲೆ. ಈ ಕಾರ್ಡ್ ಆಟ ಶುರುವಾದದ್ದು ಜಪಾನಿನಲ್ಲಿ, 1996ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಗೇಮ್‌ಬಾಯ್ ಅನ್ನೋ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಪೋಕೆಮಾನ್ ವಿಡಿಯೊ ಗೇಮ್ ಬಂದಿತ್ತು. ಇಂಗ್ಲಿಷ್ ಕಾರ್ಡುಗಳನ್ನು 1999ರ ಜನವರಿಯಿಂದ ಅಮೆರಿಕದಲ್ಲಿ ಹೊರತಂದದ್ದು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ. 2003ರಲ್ಲಿ ಆ ಕೆಲಸ ಪೋಕೆಮಾನ್ ಕಂಪನಿಯ ಕೈಗೇ ಬಂತು. ಕನ್ನಡದಲ್ಲಿ ಈ ಕಾರ್ಡ್ ಬರುವುದಿಲ್ಲ. ಹಾಗಾಗಿ ಆಟದ ಪದಗಳನ್ನು ಇಂಗ್ಲಿಷಿನವೇ ಇಟ್ಟುಕೊಂಡು, ಮೊದಲ ಸಲ ಬಂದಾಗ ಅರ್ಥ ಹೇಳುತ್ತೇನೆ.

ಏನೇನು ಬೇಕು? ಓದಿ ನೋಡಲು ಒಂದಿಷ್ಟು ಕಾರ್ಡ್, ಒಳ್ಳೆಯ ಬೆಳಕು, ಮೊಬೈಲ್ ಟಾರ್ಚ್. ಸಣ್ಣ ಅಕ್ಷರ ಕಾಣದವರಿಗೆ ಭೂತಗನ್ನಡಿ ಅಥವಾ ಫೋನಿನ ಕ್ಯಾಮೆರಾ ಜೂಮ್ ಸಾಕು. ಆಡುವುದಾದರೆ ಒಬ್ಬೊಬ್ಬರಿಗೆ 60 ಕಾರ್ಡ್, ಒಂದು ನಾಣ್ಯ, ಏಟಿನ ಲೆಕ್ಕ ಇಡಲು ಗುಂಡಿಯೋ ಹುಣಸೆ ಬೀಜವೋ ಏನಾದರೂ ಸರಿ.

ಹಂತ 1: ಒಂದು ಕಾರ್ಡನ್ನು ಮೇಲಿಂದ ಕೆಳಗೆ ಓದಿ

ಕಾರ್ಡುಗಳಲ್ಲಿ ಮೂರು ಜಾತಿ. ಪೋಕೆಮಾನ್ ಅಂದರೆ ಪಿಕಾಚು ಥರದ, ಕಾದಾಡುವ ಕಲ್ಪಿತ ಜೀವಿಗಳು. ಎನರ್ಜಿ ಅಂದರೆ ಅವಕ್ಕೆ ಬೇಕಾದ ಶಕ್ತಿ. ಟ್ರೇನರ್ ಅಂದರೆ ಆಟಗಾರನಿಗೆ ಸಹಾಯ ಮಾಡುವ ಕಾರ್ಡ್. ಓದಲು ಕಲಿಯಬೇಕಾದದ್ದು ಜಾಸ್ತಿ ಇರುವುದು ಪೋಕೆಮಾನ್ ಕಾರ್ಡಿನಲ್ಲಿ.

ಉದಾಹರಣೆಗೆ 1999ರ ಬೇಸ್ ಸೆಟ್, ಅಂದರೆ ಇಂಗ್ಲಿಷಿನ ಮೊಟ್ಟಮೊದಲ ಕಂತಿನ ಪಿಕಾಚು ತೆಗೆದುಕೊಳ್ಳೋಣ. ತುಂಬ ಸರಳವಾದ ಕಾರ್ಡ್.

ಮೇಲೆ ಎಡಗಡೆ ಹೆಸರು, ಅದರ ಹತ್ತಿರ ‘ಬೇಸಿಕ್’ ಅಂತ ಇದೆ. ಬೇಸಿಕ್ ಅಂದರೆ ಕೈಯಿಂದ ನೇರವಾಗಿ ಆಟಕ್ಕೆ ಇಳಿಸಬಹುದಾದ ಪೋಕೆಮಾನ್. ಬೇರೆ ಕಾರ್ಡುಗಳಲ್ಲಿ ‘ಸ್ಟೇಜ್ 1’, ‘ಸ್ಟೇಜ್ 2’ ಅಂತ ಕಾಣುತ್ತೆ. ಅವು ಬೆಳೆದ ರೂಪ. ಚಾರ್‌ಮ್ಯಾಂಡರ್ ಬೇಸಿಕ್, ಅದರ ಮೇಲೆ ಚಾರ್‌ಮೀಲಿಯನ್, ಅದರ ಮೇಲೆ ಚಾರಿಜಾರ್ಡ್. ಮನೆಯಲ್ಲಿ ಬರೀ ಚಾರಿಜಾರ್ಡ್ ಇದ್ದು ಚಾರ್‌ಮ್ಯಾಂಡರ್ ಇಲ್ಲದಿದ್ದರೆ ಅದನ್ನು ಆಟಕ್ಕೆ ಇಳಿಸುವ ದಾರಿಯೇ ಇಲ್ಲ ಅನ್ನಿ. ‘ರೇರ್ ಕ್ಯಾಂಡಿ’ ಅನ್ನೋ ಟ್ರೇನರ್ ಕಾರ್ಡ್ ನಡುವಿನ ಚಾರ್‌ಮೀಲಿಯನ್ ಅನ್ನು ದಾಟಿಸಬಹುದು, ಆದರೆ ಅದಕ್ಕೂ ಕೆಳಗೆ ಚಾರ್‌ಮ್ಯಾಂಡರ್ ಇರಲೇಬೇಕು.

ಮೇಲೆ ಬಲಗಡೆ ‘40 ಎಚ್‌ಪಿ’. ಇದು ಜೀವದ ಅಳತೆ. ಒಟ್ಟು 40ರಷ್ಟು ಏಟು ಬಿದ್ದರೆ ಪಿಕಾಚು ಔಟ್. ಇದಕ್ಕೆ ‘ನಾಕ್‌ಔಟ್’ ಅನ್ನುತ್ತಾರೆ. ಎಚ್‌ಪಿ ಪಕ್ಕದಲ್ಲಿ ಮಿಂಚಿನ ಗುರುತು. ಅದು ಟೈಪ್, ಅಂದರೆ ಪೋಕೆಮಾನಿನ ಕುಲ. ಹುಲ್ಲು, ಬೆಂಕಿ, ನೀರು, ಮಿಂಚು, ಸೈಕಿಕ್, ಫೈಟಿಂಗ್, ಡಾರ್ಕ್‌ನೆಸ್, ಮೆಟಲ್ – ಈ ಎಂಟಕ್ಕೂ ಅದದರದೇ ಬೇಸಿಕ್ ಎನರ್ಜಿ ಕಾರ್ಡ್ ಇದೆ. ಡ್ರ್ಯಾಗನ್ ಮತ್ತು ಕಲರ್‌ಲೆಸ್ ಟೈಪಿಗೆ ಸ್ವಂತ ಬೇಸಿಕ್ ಎನರ್ಜಿ ಇಲ್ಲ.

ಚಿತ್ರದ ಕೆಳಗೆ ಆಟ್ಯಾಕ್‌ಗಳು. ಪಿಕಾಚುಗೆ ಎರಡು ಇವೆ. ‘ನಾ’ (ಇಂಗ್ಲಿಷಿನ Gnaw) ಅನ್ನೋದರ ಎಡಗಡೆ ಒಂದು ಬಿಳಿ ನಕ್ಷತ್ರದ ಗುರುತು, ಬಲಗಡೆ 10. ಎಡಗಡೆಯದು ಖರ್ಚು, ಬಲಗಡೆಯದು ಏಟು. ಬಿಳಿ ನಕ್ಷತ್ರ ಅಂದರೆ ಯಾವ ಎನರ್ಜಿ ಆದರೂ ನಡೆಯುತ್ತೆ. ಎರಡನೆಯದು ‘ಥಂಡರ್ ಜೋಲ್ಟ್’. ಒಂದು ಮಿಂಚು, ಇನ್ನೊಂದು ಯಾವುದಾದರೂ ಎನರ್ಜಿ ಇದ್ದರೆ 30 ಏಟು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತು: ನಾಣ್ಯ ಚಿಮ್ಮಬೇಕು, ಹಿಂಬದಿ ಬಿದ್ದರೆ ಪಿಕಾಚುಗೆ ತನ್ನಿಂದಲೇ 10 ಏಟು. ಈ ಸಣ್ಣ ಅಕ್ಷರವನ್ನು ಯಾರೂ ಓದಲ್ಲ. ಜಗಳ ಹುಟ್ಟುವುದು ಅಲ್ಲೇ.

ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಮೂರು ವಿಷಯ. ‘ವೀಕ್‌ನೆಸ್’ ಅಂದರೆ ಯಾರ ಏಟು ತಡೆಯಲ್ಲ ಅಂತ. ಆ ಟೈಪಿನಿಂದ ಬಂದ ಏಟು ಎರಡರಷ್ಟಾಗುತ್ತೆ. ‘ರೆಸಿಸ್ಟೆನ್ಸ್’ ಅಂದರೆ ಯಾರ ಏಟು ಅಷ್ಟಾಗಿ ತಾಗಲ್ಲ ಅಂತ. ಅಷ್ಟು ಕಳೆಯಬೇಕು, ಈಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ 30. ‘ರಿಟ್ರೀಟ್’ ಅಂದರೆ ಮುಂದೆ ನಿಂತ ಪೋಕೆಮಾನನ್ನು ಹಿಂದಕ್ಕೆ ಕರೆಸಿಕೊಳ್ಳಲು ಎಷ್ಟು ಎನರ್ಜಿ ಕಳೆದುಕೊಳ್ಳಬೇಕು ಅಂತ. ಪಿಕಾಚುಗೆ ಒಂದು. ಅದೇ ಸೆಟ್ಟಿನ ಚಾರಿಜಾರ್ಡ್‌ಗೆ ಮೂರು.

ಲೆಕ್ಕ ಹಾಕಿ ನೋಡೋಣ. ಎದುರಾಳಿಯ ಸ್ಕ್ವರ್ಟಲ್ ಮುಂದೆ ನಿಂತಿದೆ, ಎಚ್‌ಪಿ 40, ವೀಕ್‌ನೆಸ್ ಮಿಂಚು. ಪಿಕಾಚು ಥಂಡರ್ ಜೋಲ್ಟ್ ಬಿಟ್ಟಿತು. 30ರ ಎರಡರಷ್ಟು 60. ಸ್ಕ್ವರ್ಟಲ್ ಕಥೆ ಮುಗಿಯಿತು. ಎರಡರ ಎಚ್‌ಪಿಯೂ 40, ಟ್ರಂಪ್ ಕಾರ್ಡ್ ಲೆಕ್ಕದಲ್ಲಿ ಸರಿಸಮ. ಇಲ್ಲಿ ಹಾಗಲ್ಲ.

ಈಗಿನ ಕೆಲವು ಕಾರ್ಡುಗಳಲ್ಲಿ ಆಟ್ಯಾಕ್‌ಗಿಂತ ಮೇಲೆ ಕೆಂಪು ಪಟ್ಟಿಯಲ್ಲಿ ‘ಅಬಿಲಿಟಿ’ ಅಂತ ಇರುತ್ತೆ. ಇದು ಆ ಜೀವಿಯ ವಿಶೇಷ ಗುಣ. ಆಟ್ಯಾಕ್ ಅಲ್ಲ. ಆಟ್ಯಾಕ್ ಹಾಗೆ ಇದಕ್ಕೆ ಎಡಗಡೆ ಖರ್ಚು ಬರೆದಿರಲ್ಲ, ಬಳಸಿದರೆ ನಿಮ್ಮ ಸರದಿಯೂ ಮುಗಿಯಲ್ಲ. ಹೊಸಬರು ಅಬಿಲಿಟಿ ಬಳಸಿ “ಆಯ್ತು, ಈಗ ನಿಂದು” ಅಂದುಬಿಡುತ್ತಾರೆ. ಬೇಡ, ಅದಾದ ಮೇಲೂ ಆಟ್ಯಾಕ್ ಮಾಡಬಹುದು. ಹಳೆಯ ಕಾರ್ಡುಗಳಲ್ಲಿ ಇದೇ ಜಾಗದಲ್ಲಿ ‘ಪೋಕೆಮಾನ್ ಪವರ್’ ಅಂತ ಇರುತ್ತಿತ್ತು.

ಹಂತ 2: ಕೆಳಗಿನ ಅಂಚಿನ ಇರುವೆ ಅಕ್ಷರ ಓದಿ

ಬೆಲೆ ಕೇಳುವವರೆಲ್ಲ ಮೊದಲು ನೋಡಬೇಕಾದದ್ದು ಈ ಜಾಗ. ನನಗೆ ಫೋಟೊ ಕಳಿಸುವವರು ಬಹುತೇಕ ಇದನ್ನೇ ಬೆರಳಿನಲ್ಲಿ ಮುಚ್ಚಿಕೊಂಡಿರುತ್ತಾರೆ!

ಇಲ್ಲಿ ‘58/102’ ಅನ್ನೋ ಥರ ಒಂದು ಸಂಖ್ಯೆ ಇರುತ್ತೆ. ಸೆಟ್ಟಿನ 102 ಕಾರ್ಡುಗಳಲ್ಲಿ ಇದು 58ನೆಯದು ಅಂತ ಅರ್ಥ. ಸೆಟ್ ಅಂದರೆ ಒಂದೇ ಸಲಕ್ಕೆ ಬಿಡುಗಡೆಯಾದ ಕಂತು. ಕೆಲವೊಮ್ಮೆ ಮೊದಲ ಸಂಖ್ಯೆಯೇ ದೊಡ್ಡದಿರುತ್ತೆ. ‘151’ ಅನ್ನೋ ಸೆಟ್ಟಿನ ಚಾರಿಜಾರ್ಡ್ ಇಎಕ್ಸ್ (ಇಎಕ್ಸ್ ಅಂದರೆ ಹೆಚ್ಚು ಬಲದ ಪೋಕೆಮಾನ್) ಒಂದರ ಮೇಲೆ 199/165 ಅಂತ ಇದೆ. ಅಚ್ಚಿನ ತಪ್ಪಲ್ಲ ಅದು. ಪಟ್ಟಿಯ ಆಚೆ ಸೇರಿಸಿದ, ಅಪರೂಪಕ್ಕೆ ಸಿಗುವ ಕಾರ್ಡ್ ಅಂತ ಗುರುತು.

ಸಂಖ್ಯೆಯ ಪಕ್ಕದಲ್ಲಿ ಅಪರೂಪದ ಚಿಹ್ನೆ. ವೃತ್ತ ಇದ್ದರೆ ಕಾಮನ್, ಅಂದರೆ ಎಲ್ಲರಿಗೂ ಸಿಗುವಂಥದ್ದು. ವಜ್ರದ ಆಕಾರ ಇದ್ದರೆ ಅನ್‌ಕಾಮನ್. ನಕ್ಷತ್ರ ಇದ್ದರೆ ರೇರ್. ಇದು ಮೊದಲಿನಿಂದ ಬಂದ ಕ್ರಮ. 2023ರಲ್ಲಿ ಶುರುವಾದ ಸ್ಕಾರ್ಲೆಟ್ ಅಂಡ್ ವಯೊಲೆಟ್ ಸರಣಿಯಲ್ಲಿ ನಕ್ಷತ್ರಗಳಲ್ಲೇ ತರಾವರಿ ಬಂದವು. ಎರಡು ಕಪ್ಪು ನಕ್ಷತ್ರ ಡಬಲ್ ರೇರ್. ಎರಡು ಬೆಳ್ಳಿ ನಕ್ಷತ್ರ ಅಲ್ಟ್ರಾ ರೇರ್. ಒಂದು ಚಿನ್ನದ ನಕ್ಷತ್ರ ಇದ್ದರೆ ಇಲಸ್ಟ್ರೇಶನ್ ರೇರ್, ಇದರಲ್ಲಿ ಚಿತ್ರ ಇಡೀ ಕಾರ್ಡನ್ನೇ ತುಂಬಿರುತ್ತೆ. ಎರಡು ಚಿನ್ನದ ನಕ್ಷತ್ರ ಸ್ಪೆಶಲ್ ಇಲಸ್ಟ್ರೇಶನ್ ರೇರ್, ಮೂರಿದ್ದರೆ ಹೈಪರ್ ರೇರ್. ನಕ್ಷತ್ರ ಜಾಸ್ತಿ ಇದ್ದ ಮಾತ್ರಕ್ಕೆ ಬೆಲೆ ಜಾಸ್ತಿ ಅಂತೇನಿಲ್ಲ. ಚಿತ್ರ ಚೆನ್ನಾಗಿದ್ದರೆ, ಜನ ಇಷ್ಟಪಡುವ ಪೋಕೆಮಾನ್ ಆಗಿದ್ದರೆ, ಎರಡು ನಕ್ಷತ್ರದ್ದೇ ಮೂರು ನಕ್ಷತ್ರದ್ದಕ್ಕಿಂತ ಮೇಲೆ ಹೋಗುತ್ತೆ.

ಹೊಸ ಕಾರ್ಡುಗಳಲ್ಲಿ ಒಂದು ಪುಟ್ಟ ಚೌಕದೊಳಗೆ ಇಂಗ್ಲಿಷಿನ ಒಂದೇ ಅಕ್ಷರವೂ ಇರುತ್ತೆ. ಜಿ, ಎಚ್, ಐ ಹೀಗೆ. ಅದು ‘ರೆಗ್ಯುಲೇಶನ್ ಮಾರ್ಕ್’. ಅಧಿಕೃತ ಸ್ಪರ್ಧೆಯ ಸ್ಟ್ಯಾಂಡರ್ಡ್ ವಿಭಾಗದಲ್ಲಿ ಯಾವ ಕಾರ್ಡ್ ನಡೆಯುತ್ತೆ ಅಂತ ಹೇಳುವ ಗುರುತು. ಕಾಲಕಾಲಕ್ಕೆ ಹಳೆಯ ಅಕ್ಷರಗಳನ್ನು ಕೈಬಿಡುತ್ತಾರೆ. ಸ್ಪರ್ಧೆಗೆ ಹೋಗುವವರು ಅಧಿಕೃತ ಜಾಲತಾಣದಲ್ಲಿ ಆಗ ನಡೆಯುವ ಅಕ್ಷರಗಳನ್ನು ನೋಡಿಕೊಂಡೇ ಡೆಕ್, ಅಂದರೆ ಆಡುವ ಕಾರ್ಡುಗಳ ಕಟ್ಟು, ಸಿದ್ಧ ಮಾಡಿ. ಮನೆಯಲ್ಲಿ ಆಡುವವರಿಗೆ ಇದರ ಚಿಂತೆ ಬೇಡ.

ಇಲ್ಲೊಂದು ದೊಡ್ಡ ಗುಂಡಿ ಇದೆ, ಸುಮಾರು ಜನ ಬೀಳುತ್ತಾರೆ. ಹಳೆಯ ಕಾರ್ಡುಗಳ ಕೆಳಗಿನ ಕಾಪಿರೈಟ್ ಸಾಲಿನಲ್ಲಿ ‘1995, 96, 98’ ಅಂತ ಇರುತ್ತೆ. ಅದನ್ನು ನೋಡಿ “ನನ್ನ ಹತ್ತಿರ 1995ರ ಕಾರ್ಡ್ ಇದೆ” ಅನ್ನುತ್ತಾರೆ. 1995ರಲ್ಲಿ ಈ ಕಾರ್ಡೇ ಇರಲಿಲ್ಲ. ಅದು ಹಕ್ಕುಸ್ವಾಮ್ಯದ ವರ್ಷ. ಅದೇ ಸಾಲಿನ ಕೊನೆಯಲ್ಲಿರುವ ವರ್ಷವೇ ಕಾರ್ಡಿನ ವಯಸ್ಸಿಗೆ ಹತ್ತಿರದ್ದು.

ಬೇಸ್ ಸೆಟ್ ಇದ್ದರೆ ಇನ್ನೆರಡು ನೋಡಿ. ಚಿತ್ರದ ಕೆಳಗೆ ಎಡಗಡೆ ಕಪ್ಪು ಬಣ್ಣದ ‘ಫಸ್ಟ್ ಎಡಿಶನ್’ ಮುದ್ರೆ ಇದೆಯಾ? ಚಿತ್ರದ ಚೌಕಟ್ಟಿನ ಬಲಗಡೆ ನೆರಳು ಅಚ್ಚಾಗಿದೆಯಾ? ಮುದ್ರೆ ಇದ್ದರೆ ಮೊದಲ ಮುದ್ರಣ. ಮುದ್ರೆ ಇಲ್ಲದೆ, ನೆರಳೂ ಇಲ್ಲದಿದ್ದರೆ ಸಂಗ್ರಹಕಾರರು ‘ಶ್ಯಾಡೊಲೆಸ್’ ಅನ್ನುವುದು ಅದನ್ನೇ. ಮುದ್ರೆ ಇಲ್ಲ, ನೆರಳಿದೆ ಅಂದರೆ ‘ಅನ್‌ಲಿಮಿಟೆಡ್’, ಬೇಕಾದಷ್ಟು ಅಚ್ಚಾದದ್ದು. ಒಂದೇ ಚಾರಿಜಾರ್ಡ್ 4/102 ಈ ಮೂರು ರೂಪದಲ್ಲಿ ಮೂರು ಬೆಲೆಗೆ ಹೋಗುತ್ತೆ, ವ್ಯತ್ಯಾಸ ಸಣ್ಣದಲ್ಲ.

ಹಂತ 3: ಅಸಲಿಯಾ ನಕಲಿಯಾ ಪರೀಕ್ಷಿಸಿ

ನೇರವಾಗಿ ಹೇಳಿಬಿಡುತ್ತೇನೆ. ಸಣ್ಣ ಆಟಿಕೆ ಅಂಗಡಿ, ಜಾತ್ರೆ, ಆನ್‌ಲೈನ್‌ನಲ್ಲಿ “55 ಚಿನ್ನದ ಕಾರ್ಡ್” ಅಂತ ಡಬ್ಬಿಯಲ್ಲಿ ಬರುವ ಹಳದಿ ಪ್ಲಾಸ್ಟಿಕ್ ಕಾರ್ಡುಗಳು ನಕಲಿ. ಅಂಥ ಡಬ್ಬಿಯನ್ನು ಪೋಕೆಮಾನ್ ಕಂಪನಿ ಹೊರತಂದೇ ಇಲ್ಲ. ಲೋಹದ ಅಧಿಕೃತ ಕಾರ್ಡ್ ಇಲ್ಲವೇ ಇಲ್ಲ ಅಂತಲ್ಲ, ಕೆಲವು ದುಬಾರಿ ವಿಶೇಷ ಪೆಟ್ಟಿಗೆಗಳಲ್ಲಿ ಒಂದೋ ಎರಡೋ ಇಟ್ಟಿದ್ದರು. ಅವು ಭಾರ ಇರುತ್ತವೆ, ಪ್ಲಾಸ್ಟಿಕ್ ಹಾಗೆ ಬಳುಕುವುದಿಲ್ಲ.

ಮಗುವಿನ ಮುಂದೆ ಇದನ್ನು ಹೇಗೆ ಹೇಳೋದು ಅನ್ನೋದು ನಿಮಗೆ ಬಿಟ್ಟದ್ದು. ಆಡೋದಕ್ಕೆ ನಕಲಿಯಾದರೂ ಮಗುವಿಗೆ ಖುಷಿಯೇ. ಮಾರೋದಕ್ಕೆ, ಅಸಲಿಯ ಬದಲು ಕೊಡೋದಕ್ಕೆ, ಸ್ಪರ್ಧೆಗೆ ಮಾತ್ರ ನಡೆಯಲ್ಲ.

ಕಾಗದದ ಕಾರ್ಡ್ ಬಗ್ಗೆ ಅನುಮಾನ ಬಂದರೆ ಈ ಕ್ರಮದಲ್ಲಿ ನೋಡಿ.

ಮೊದಲು ಹಿಂಬದಿ. ಅಸಲಿ ಇಂಗ್ಲಿಷ್ ಕಾರ್ಡಿನ ಹಿಂದೆ ಗಾಢ ನೀಲಿ, ನಡುವೆ ಪೋಕೆ ಬಾಲ್, ಮೇಲೂ ಕೆಳಗೂ ಹೆಸರು. ನಕಲಿಯಲ್ಲಿ ನೀಲಿ ಮಾಸಿದ ಹಾಗೋ ನೇರಳೆಗೆ ತಿರುಗಿದ ಹಾಗೋ ಕಾಣುತ್ತೆ. ಖಾತ್ರಿಯಾಗಿ ಅಸಲಿ ಅಂತ ಗೊತ್ತಿರುವ ಒಂದು ಕಾರ್ಡ್ ಪಕ್ಕದಲ್ಲಿಟ್ಟು ನೋಡಿ, ಬೇರೇನೂ ಬೇಡ. ಅದಕ್ಕೇ ಮನೆಯಲ್ಲಿ ಒಂದಾದರೂ ನಂಬಿಕಸ್ತ ಕಾರ್ಡ್ ಇರಲಿ, ಎಷ್ಟೇ ಅಗ್ಗದ್ದಾದರೂ ಪರವಾಗಿಲ್ಲ. ಒಂದು ಎಚ್ಚರಿಕೆ: ಜಪಾನಿ ಕಾರ್ಡಿನ ಹಿಂಬದಿಯ ವಿನ್ಯಾಸವೇ ಬೇರೆ. ಬೇರೆ ಕಾಣುತ್ತೆ ಅಂತ ಅದನ್ನು ನಕಲಿ ಅಂದು ಎಸೆಯಬೇಡಿ.

ಆಮೇಲೆ ಅಕ್ಷರ. ಇಂಗ್ಲಿಷಿನ ‘ಪೋಕೆಮಾನ್’ ಪದದಲ್ಲಿ ‘ಇ’ ಅಕ್ಷರದ ಮೇಲೆ ಓರೆ ಗೆರೆ ಇರಬೇಕು. ನಕಲಿಯಲ್ಲಿ ಎಷ್ಟೋ ಸಲ ಇರಲ್ಲ. ಆಟ್ಯಾಕ್ ಹೆಸರಿನಲ್ಲಿ ಕಾಗುಣಿತ ತಪ್ಪು, ಅಕ್ಷರ ಒಂದಕ್ಕೊಂದು ಅಂಟಿರುವುದು, ಎಚ್‌ಪಿ ಸಾವಿರಗಟ್ಟಲೆ ಇರುವುದು, ಕೆಳಗೆ ಕಾಪಿರೈಟ್ ಸಾಲೇ ಇಲ್ಲದಿರುವುದು – ಇವುಗಳಲ್ಲಿ ಒಂದು ಕಂಡರೂ ಸಾಕು.

ಮೂರನೆಯದು ಹೊಳಪು ಮತ್ತು ಮೈ. ಚಿತ್ರ ಕಾರ್ಡ್ ತುಂಬ ಹರಡಿರುವ ದುಬಾರಿ ಕಾರ್ಡುಗಳ ಮೇಲೆ ಬೆರಳಾಡಿಸಿದರೆ ಹೆಬ್ಬೆಟ್ಟಿನ ಗೆರೆಯಂಥ ಸಣ್ಣ ಸಣ್ಣ ಉಬ್ಬುಗೆರೆ ಸಿಗುತ್ತೆ. ನಕಲಿ ನುಣ್ಣಗಿರುತ್ತೆ, ಇಲ್ಲವೇ ಇಡೀ ಮೈಮೇಲೆ ಒಂದೇ ನಮೂನೆಯ ಮಳೆಬಿಲ್ಲಿನ ಹೊಳಪು. ಆದರೆ ಮಾಮೂಲಿ ಕಾರ್ಡಿನಲ್ಲಿ ಈ ಉಬ್ಬು ಹುಡುಕಬೇಡಿ, ಅಸಲಿಯಲ್ಲೂ ಇರಲ್ಲ.

ನಾಲ್ಕನೆಯದು ಟಾರ್ಚ್. ಕತ್ತಲಲ್ಲಿ ಕಾರ್ಡಿನ ಹಿಂದೆ ಫೋನಿನ ಟಾರ್ಚ್ ಹಿಡಿಯಿರಿ. ಅಸಲಿ ಕಾರ್ಡಿನ ಎರಡು ಪದರದ ನಡುವೆ ಒಂದು ಕಪ್ಪು ಪದರ ಇರುತ್ತೆ, ಅದು ಬೆಳಕನ್ನು ಬಹುಪಾಲು ತಡೆಯುತ್ತೆ. ಅಗ್ಗದ ನಕಲಿಯಲ್ಲಿ ಬೆಳಕು ಧಾರಾಳವಾಗಿ ಆಚೆ ಬರುತ್ತೆ. ಕಾರ್ಡ್ ಹರಿದು ಕಪ್ಪು ಪದರ ನೋಡುವ ವಿಡಿಯೊಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ, ಅಸಲಿಯಾಗಿದ್ದರೆ ಏನು ಮಾಡ್ತೀರಿ?

ಅಳತೆಯೂ ಇದೆ: 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಆದರೆ ಒಳ್ಳೆಯ ನಕಲಿಗಳು ಅಳತೆಯಲ್ಲಿ ಪಾಸಾಗುತ್ತವೆ. ಇದೊಂದನ್ನೇ ನಂಬಬೇಡಿ.

ಗಡಿಯ ಬಣ್ಣದಿಂದಲೂ ಗಾಬರಿಯಾಗುವವರಿದ್ದಾರೆ. ಇಂಗ್ಲಿಷ್ ಕಾರ್ಡುಗಳ ಗಡಿ ಮೊದಲಿನಿಂದಲೂ ಹಳದಿ ಇತ್ತು. ಸ್ಕಾರ್ಲೆಟ್ ಅಂಡ್ ವಯೊಲೆಟ್ ಬಂದ ಮೇಲೆ ಬೂದು ಬಣ್ಣಕ್ಕೆ ಬಂತು. ಎರಡೂ ಸರಿಯೇ.

ಹಂತ 4: ಕೊಳ್ಳುವ ಮುಂಚೆ ಏನು ಬೇಕು ಅಂತ ತೀರ್ಮಾನಿಸಿ

ಅಮೆರಿಕದಲ್ಲಿ ಒಂದು ಬೂಸ್ಟರ್ ಪ್ಯಾಕಿನ ಪಟ್ಟಿ ಬೆಲೆಯೇ ನಾಲ್ಕೂವರೆಯಿಂದ ಐದು ಡಾಲರ್ ಆಸುಪಾಸು. ಬೂಸ್ಟರ್ ಪ್ಯಾಕ್ ಅಂದರೆ ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಕೊಳ್ಳುವ, 10 ಕಾರ್ಡ್ ಇರುವ ಮುಚ್ಚಿದ ಪೊಟ್ಟಣ. ಅಲ್ಲಿಂದ ಇಲ್ಲಿಗೆ ಬಂದು ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತೆ ಅಂದರೆ ಅದು ಏನು ಅಂತ ನೀವೇ ಲೆಕ್ಕ ಹಾಕಿ.

ಆಡಬೇಕು ಅನ್ನುವವರು ಬೂಸ್ಟರ್ ಪ್ಯಾಕಿಗೆ ದುಡ್ಡು ಸುರಿಯಬೇಡಿ. 60 ಕಾರ್ಡಿನ ಸಿದ್ಧ ‘ಬ್ಯಾಟಲ್ ಡೆಕ್’ ಸಿಗುತ್ತೆ, ಅದನ್ನು ಕೊಳ್ಳಿ. ತೆಗೆದು ನೇರ ಆಡಬಹುದು. ಇಬ್ಬರು ಮಕ್ಕಳಿದ್ದರೆ ಎರಡು ಡೆಕ್. ಒಂದು ನಿರ್ದಿಷ್ಟ ಕಾರ್ಡೇ ಬೇಕು ಅನ್ನುವವರು ‘ಸಿಂಗಲ್’ ಕೊಳ್ಳಿ, ಅಂದರೆ ಬಿಡಿ ಕಾರ್ಡ್. ಒಂದು ಚಾರಿಜಾರ್ಡ್ ಆಸೆಗೆ ಪ್ಯಾಕ್ ಮೇಲೆ ಪ್ಯಾಕ್ ಒಡೆಯುವುದು ಲಾಟರಿ ಆಡಿದಂತೆಯೇ, ಖರ್ಚಿಗೆ ಮಿತಿಯೇ ಇರಲ್ಲ. ಪ್ಯಾಕ್ ಒಡೆಯುವ ಖುಷಿಯೇ ಬೇಕು ಅಂದರೆ ಅದು ಬೇರೆ ವಿಷಯ. ಹುಟ್ಟುಹಬ್ಬಕ್ಕೆ ಒಂದೆರಡು ಒಡೆಯಿರಿ.

ಬಿಡಿ ಪ್ಯಾಕ್ ಕೊಳ್ಳುವಾಗ ಮೇಲೆ ಕೆಳಗೆ ಅಂಟಿಸಿರುವ ಜಾಗ ನೋಡಿ. ಅಂಟು ಎದ್ದಿದ್ದರೆ, ಮತ್ತೆ ಅಂಟಿಸಿದ ಗುರುತಿದ್ದರೆ ಬಿಟ್ಟುಬಿಡಿ. ಒಳ್ಳೆಯದನ್ನು ತೆಗೆದು ಕಾಮನ್ ತುಂಬಿಸಿ ಮಾರುವವರಿದ್ದಾರೆ. ಹೊರದೇಶದಿಂದ ತರಿಸುವವರು ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಸೇರಿಸಿಯೇ ಬೆಲೆ ಹೋಲಿಸಿ. ಬೆಂಗಳೂರಿನವರಿಗೆ ವಿದೇಶದಲ್ಲಿ ಯಾರಾದರೂ ನೆಂಟರು ಇದ್ದೇ ಇರುತ್ತಾರಲ್ವಾ? ಊರಿಗೆ ಬರುವಾಗ ಚಾಕೊಲೇಟ್ ಬದಲು ಒಂದು ಡೆಕ್ ತನ್ನಿ ಅಂದರೆ ಆಯಿತು.

ದುಡ್ಡು ಹಾಕುವ ಮುಂಚೆ ಆಟ ಇಷ್ಟವಾಗುತ್ತಾ ನೋಡಬೇಕಾ? ಫೋನಿನಲ್ಲಿ ‘ಪೋಕೆಮಾನ್ ಟಿಸಿಜಿ ಲೈವ್’ ಇದೆ, ಉಚಿತ, ಕಾರ್ಡಿನ ಪೂರ್ತಿ ನಿಯಮವೇ ಅಲ್ಲಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ‘ಪೋಕೆಮಾನ್ ಟಿಸಿಜಿ ಪಾಕೆಟ್’ ಇನ್ನೂ ಚಿಕ್ಕ ಆಟ, 20 ಕಾರ್ಡಿನ ಡೆಕ್. ಎರಡರ ನಿಯಮ ಬೇರೆ. ಪಾಕೆಟ್ ಆಡಿ ಬಂದವರು ಮೇಜಿನ ಮೇಲೆ ಕೂತಾಗ ಎಡವುವುದು ಇದರಿಂದಲೇ.

ಹಂತ 5: 60 ಕಾರ್ಡಿನ ಡೆಕ್ ಕಟ್ಟಿ

ಡೆಕ್ ಅಂದರೆ ನೀವು ಆಡುವ ಕಟ್ಟು. ಸರಿಯಾಗಿ 60 ಇರಬೇಕು, ಒಂದು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ. ಬೇಸಿಕ್ ಎನರ್ಜಿಗೆ ಮಾತ್ರ ಈ ಮಿತಿ ಇಲ್ಲ. ಕನಿಷ್ಠ ಒಂದಾದರೂ ಬೇಸಿಕ್ ಪೋಕೆಮಾನ್ ಇರಲೇಬೇಕು.

ಹೊಸಬರ ಡೆಕ್ಕಿನಲ್ಲಿ ಎರಡು ಕಾಯಿಲೆ ಕಾಣುತ್ತೆ. ಒಂದು, ಮನೆಯಲ್ಲಿರುವ ಚೆಂದದ ಪೋಕೆಮಾನನ್ನೆಲ್ಲ ತುಂಬುವುದು. ಬೆಂಕಿ, ನೀರು, ಹುಲ್ಲು ಎಲ್ಲ ಸೇರಿ ಕೈಗೆ ಬಂದ ಎನರ್ಜಿ ಯಾವುದಕ್ಕೂ ಹೊಂದಲ್ಲ. ಒಂದೇ ಟೈಪ್ ಇರಲಿ, ಜಾಸ್ತಿ ಅಂದರೆ ಎರಡು. ಇನ್ನೊಂದು, ಅರ್ಧ ಡೆಕ್ ಎನರ್ಜಿಯೇ ಇರುವುದು. ಸುಮಾರು 15–20 ಪೋಕೆಮಾನ್, 10–12 ಎನರ್ಜಿ, ಉಳಿದದ್ದೆಲ್ಲ ಟ್ರೇನರ್ – ಇಲ್ಲಿಂದ ಶುರು ಮಾಡಿ, ಆಡ್ತಾ ಆಡ್ತಾ ತಿದ್ದಿಕೊಳ್ಳಿ. ಟ್ರೇನರ್ ಕಾರ್ಡ್ ನೋಡಲು ಸಪ್ಪೆ, ಮಕ್ಕಳು ಬದಿಗೆ ಸರಿಸುತ್ತಾರೆ. ನಿಜವಾಗಿ ಆಟ ಗೆಲ್ಲಿಸುವುದು ಅವೇ. ಬೇಕಾದ ಕಾರ್ಡನ್ನು ಡೆಕ್ಕಿನಿಂದ ಹುಡುಕಿ ಕೈಗೆ ತಂದುಕೊಡುವವು ಅವು.

ಟ್ರೇನರ್‌ನಲ್ಲಿ ‘ಐಟಮ್’ ಒಂದು ಸರದಿಯಲ್ಲಿ ಎಷ್ಟು ಬೇಕಾದರೂ ಆಡಬಹುದು. ‘ಸಪೋರ್ಟರ್’ ಒಂದೇ. ‘ಸ್ಟೇಡಿಯಂ’ ಕೂಡ ಒಂದೇ, ಅದು ಇಬ್ಬರಿಗೂ ಅನ್ವಯ. ‘ಟೂಲ್’ ಅನ್ನು ಪೋಕೆಮಾನಿಗೆ ಅಂಟಿಸಬೇಕು, ಒಂದಕ್ಕೆ ಒಂದು.

ಹಂತ 6: ಮೇಜಿನ ಮೇಲೆ ಆಡಿ

1. ನಾಣ್ಯ ಚಿಮ್ಮಿ. ಗೆದ್ದವರು ಯಾರು ಮೊದಲು ಆಡಬೇಕು ಅಂತ ಹೇಳುತ್ತಾರೆ.

2. ಇಬ್ಬರೂ ಡೆಕ್ ಕಲೆಸಿ ಏಳು ಕಾರ್ಡ್ ಎತ್ತಿಕೊಳ್ಳಿ. ಕೈಯಲ್ಲಿ ಬೇಸಿಕ್ ಪೋಕೆಮಾನ್ ಒಂದೂ ಇಲ್ಲದಿದ್ದರೆ ಎದುರಾಳಿಗೆ ಕೈ ತೋರಿಸಿ, ಮತ್ತೆ ಕಲೆಸಿ ಏಳು ಎತ್ತಿ. ಹೀಗಾದ ಪ್ರತಿ ಸಲಕ್ಕೂ ಎದುರಾಳಿ ಒಂದು ಕಾರ್ಡ್ ಹೆಚ್ಚು ಎತ್ತಬಹುದು.

3. ಒಂದು ಬೇಸಿಕ್ ಪೋಕೆಮಾನನ್ನು ಮುಂದೆ ಬೋರಲಾಗಿ ಇಡಿ. ಇದು ‘ಆಕ್ಟಿವ್’, ಕಾದಾಡುವುದು ಇದೊಂದೇ. ಉಳಿದ ಬೇಸಿಕ್‌ಗಳನ್ನು ಹಿಂದಿನ ಸಾಲಿನಲ್ಲಿ ಇಡಬಹುದು. ಅದು ‘ಬೆಂಚ್’, ಐದರವರೆಗೆ ಜಾಗ.

4. ಡೆಕ್ಕಿನ ಮೇಲಿನ ಆರು ಕಾರ್ಡ್ ನೋಡದೆ ಬದಿಗಿಡಿ. ಇವು ‘ಪ್ರೈಜ್ ಕಾರ್ಡ್’. ಎದುರಾಳಿಯ ಪೋಕೆಮಾನನ್ನು ಉರುಳಿಸಿದಾಗ ನಿಮ್ಮ ಆರರಲ್ಲಿ ಒಂದನ್ನು ನೀವು ಕೈಗೆ ತೆಗೆದುಕೊಳ್ಳುತ್ತೀರಿ. ಹೆಸರಿನ ಮುಂದೆ ಇಎಕ್ಸ್ ಅಂತ ಇರುವ ಪೋಕೆಮಾನ್ ಉರುಳಿದರೆ ಸಾಮಾನ್ಯವಾಗಿ ಎರಡು. ಇಎಕ್ಸ್ ಬಲಶಾಲಿ, ಆದರೆ ಕಳೆದುಕೊಂಡರೆ ಪೆಟ್ಟೂ ದೊಡ್ಡದು. ಎಲ್ಲರ ಎದುರು ಮೆರೆಸುವ 330 ಎಚ್‌ಪಿ ಚಾರಿಜಾರ್ಡ್ ಇಎಕ್ಸ್ ಸತ್ತರೆ ಎದುರಾಳಿ ಮೂರನೇ ಒಂದು ಭಾಗ ಆಟ ಗೆದ್ದ ಹಾಗೆ.

5. ಕಾರ್ಡುಗಳನ್ನು ಮಗುಚಿ ಆಟ ಶುರು ಮಾಡಿ. ಪ್ರತಿ ಸರದಿಯಲ್ಲಿ ಮೊದಲು ಒಂದು ಕಾರ್ಡ್ ಎತ್ತಬೇಕು. ಆಮೇಲೆ ನಿಮಗೆ ಬೇಕಾದ ಕ್ರಮದಲ್ಲಿ: ಬೆಂಚಿಗೆ ಬೇಸಿಕ್ ಇಳಿಸಿ, ಇದ್ದದ್ದನ್ನು ಬೆಳೆಸಿ, ಒಂದು ಎನರ್ಜಿ ಅಂಟಿಸಿ, ಟ್ರೇನರ್ ಆಡಿ, ಅಬಿಲಿಟಿ ಬಳಸಿ, ಬೇಕಿದ್ದರೆ ಒಮ್ಮೆ ರಿಟ್ರೀಟ್ ಮಾಡಿ. ಕೊನೆಗೆ ಆಟ್ಯಾಕ್. ಆಟ್ಯಾಕ್ ಆಯಿತು ಅಂದರೆ ಸರದಿ ಮುಗಿಯಿತು.

6. ಏಟಿನ ಲೆಕ್ಕ ಹತ್ತರ ಲೆಕ್ಕ. 30 ಏಟು ಬಿದ್ದರೆ ಕಾರ್ಡಿನ ಮೇಲೆ ಮೂರು ಬೀಜ ಇಡಿ.

ಗೆಲ್ಲುವುದು ಮೂರು ದಾರಿಯಲ್ಲಿ. ನಿಮ್ಮ ಆರೂ ಪ್ರೈಜ್ ಕಾರ್ಡ್ ಎತ್ತಿಕೊಂಡರೆ, ಎದುರಾಳಿಯ ಬಳಿ ಆಟದಲ್ಲಿ ಒಂದೂ ಪೋಕೆಮಾನ್ ಉಳಿಯದಿದ್ದರೆ, ಅಥವಾ ತನ್ನ ಸರದಿಯ ಆರಂಭದಲ್ಲಿ ಎತ್ತಲು ಎದುರಾಳಿಯ ಡೆಕ್ಕಿನಲ್ಲಿ ಕಾರ್ಡೇ ಇಲ್ಲದಿದ್ದರೆ.

ಪಂಚಾಯಿತಿ ಬರುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಮೊದಲು ಆಡುವವರು ತಮ್ಮ ಮೊದಲ ಸರದಿಯಲ್ಲಿ ಆಟ್ಯಾಕ್ ಮಾಡುವ ಹಾಗಿಲ್ಲ, ಸಪೋರ್ಟರ್ ಆಡುವ ಹಾಗೂ ಇಲ್ಲ. ತಮ್ಮ ತಮ್ಮ ಮೊದಲ ಸರದಿಯಲ್ಲಿ ಇಬ್ಬರೂ ಪೋಕೆಮಾನನ್ನು ಬೆಳೆಸುವ ಹಾಗಿಲ್ಲ. ಆಮೇಲೂ, ಈ ಸರದಿಯಲ್ಲಿ ಇಳಿಸಿದ ಪೋಕೆಮಾನನ್ನು ಇದೇ ಸರದಿಯಲ್ಲಿ ಬೆಳೆಸಬಾರದು. ಆಟ್ಯಾಕ್ ಮಾಡಿದರೆ ಅಂಟಿಸಿದ ಎನರ್ಜಿ ಹೋಗಿಬಿಡುತ್ತೆ ಅಂತ ಸುಮಾರು ಜನ ತೆಗೆದುಬಿಡುತ್ತಾರೆ. ಹೋಗಲ್ಲ, ಅಲ್ಲೇ ಇರುತ್ತೆ. ಬೇಸ್ ಸೆಟ್ ಚಾರಿಜಾರ್ಡ್‌ನ ‘ಫೈರ್ ಸ್ಪಿನ್’ ಹಾಗೆ “ಎರಡು ಎನರ್ಜಿ ತೆಗೆದುಹಾಕಿ” ಅಂತ ಕಾರ್ಡೇ ಹೇಳಿದ್ದರೆ ಮಾತ್ರ ತೆಗೆಯಬೇಕು. ರಿಟ್ರೀಟ್ ಮಾಡಿದರೂ ಎನರ್ಜಿ ಖರ್ಚಾಗುತ್ತೆ. ಬೆಂಚಿಗೆ ಹೋದ ಮೇಲೂ ಹಳೆಯ ಏಟು ಮಾಯವಾಗಲ್ಲ, ಬೆಳೆದರೂ ಮಾಯವಾಗಲ್ಲ. ವೀಕ್‌ನೆಸ್ ಲೆಕ್ಕ ಆಕ್ಟಿವ್‌ಗೆ ಮಾತ್ರ, ಬೆಂಚಿನಲ್ಲಿರುವುದಕ್ಕೆ ಏಟು ಬಿದ್ದರೆ ಎರಡರಷ್ಟು ಮಾಡಬೇಡಿ.

ಐದು ವಿಶೇಷ ಸ್ಥಿತಿಗಳಿವೆ: ವಿಷ, ಸುಟ್ಟಿರುವುದು, ನಿದ್ದೆ, ಮರಗಟ್ಟಿರುವುದು, ಗೊಂದಲ. ವಿಷವಾದರೆ ಪ್ರತಿ ಸರದಿಯ ನಡುವೆ 10 ಏಟು. ಸುಟ್ಟಿದ್ದರೆ 20, ಆಮೇಲೆ ನಾಣ್ಯ ಮುಂಬದಿ ಬಿದ್ದರೆ ವಾಸಿ. ನಿದ್ದೆಯಿಂದ ಎಬ್ಬಿಸಲೂ ನಾಣ್ಯವೇ. ಮರಗಟ್ಟಿದ್ದು ಅದರ ಯಜಮಾನನ ಮುಂದಿನ ಸರದಿ ಮುಗಿದ ಮೇಲೆ ಸರಿಹೋಗುತ್ತೆ. ನಿದ್ದೆ ಮಾಡುತ್ತಿರುವುದು, ಮರಗಟ್ಟಿದ್ದು ಆಟ್ಯಾಕ್ ಮಾಡಲ್ಲ, ರಿಟ್ರೀಟೂ ಆಗಲ್ಲ. ಗೊಂದಲದಲ್ಲಿದ್ದರೆ ಆಟ್ಯಾಕ್ ಮಾಡುವ ಮುಂಚೆ ನಾಣ್ಯ ಚಿಮ್ಮಿ. ಹಿಂಬದಿ ಬಿದ್ದರೆ ಆಟ್ಯಾಕ್ ಇಲ್ಲ, ಮೇಲೆ ತನಗೇ 30 ಏಟು. ಬೆಂಚಿಗೆ ಹೋದರೆ ಅಥವಾ ಬೆಳೆದರೆ ಐದೂ ಬಿಟ್ಟುಹೋಗುತ್ತವೆ.

ಹಂತ 7: ಹಾಳಾಗದ ಹಾಗೆ ಇಡಿ

ರಬ್ಬರ್ ಬ್ಯಾಂಡ್ ಬೇಡ. ಲ್ಯಾಮಿನೇಶನ್ ಬೇಡವೇ ಬೇಡ, ಮಾಡಿಸಿದ ಕಾರ್ಡಿಗೆ ಬೆಲೆ ಇಲ್ಲ. ಆಡುವ ಕಾರ್ಡಿಗೆ ತೆಳ್ಳನೆಯ ಪ್ಲಾಸ್ಟಿಕ್ ‘ಸ್ಲೀವ್’ ಹಾಕಿ. ಬೆಲೆಬಾಳುವುದನ್ನು ಸ್ಲೀವ್ ಸಮೇತ ‘ಟಾಪ್‌ಲೋಡರ್’, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ. ಉಳಿದದ್ದಕ್ಕೆ ಬೈಂಡರ್ ಸಾಕು. ರಿಂಗ್ ಇರುವ ಫೈಲಿನಲ್ಲಿ ಒಳಬದಿಯ ಕಾರ್ಡಿನ ಮೇಲೆ ರಿಂಗ್ ಒತ್ತಿ ಗುರುತು ಬೀಳುತ್ತೆ, ರಿಂಗ್ ಇಲ್ಲದ್ದನ್ನು ಆರಿಸಿ.

ಮಂಗಳೂರು, ಉಡುಪಿ, ಮಲೆನಾಡಿನವರು ಮಳೆಗಾಲದಲ್ಲಿ ಇನ್ನೊಂದಿಷ್ಟು ಎಚ್ಚರ ವಹಿಸಬೇಕು. ಹೊಳೆಯುವ ಕಾರ್ಡಿನ ಒಂದು ಬದಿ ಫಾಯಿಲ್, ಇನ್ನೊಂದು ಬದಿ ಕಾಗದ. ಕಾಗದ ತೇವ ಹೀರಿ ಹಿಗ್ಗುತ್ತೆ, ಫಾಯಿಲ್ ಹಿಗ್ಗಲ್ಲ, ಕಾರ್ಡ್ ಬಿಲ್ಲಿನ ಹಾಗೆ ಬಾಗುತ್ತೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಶೂ ಪೆಟ್ಟಿಗೆಯೊಳಗೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಪುಟ್ಟ ಮಕ್ಕಳ ಕೈಗೆ ಆ ಪೊಟ್ಟಣ ಸಿಗದಿರಲಿ. ಬಾಗಿದ್ದನ್ನು ಇಸ್ತ್ರಿ ಮಾಡಲು ಹೋಗಬೇಡಿ.

ಹಂತ 8: ಬದಲಾಯಿಸುವ, ಮಾರುವ ಮುಂಚೆ ಬೆಲೆ ನೋಡಿ

1999ರಲ್ಲಿ ಅಮೆರಿಕದ ಎಷ್ಟೋ ಶಾಲೆಗಳು ಈ ಕಾರ್ಡನ್ನು ನಿಷೇಧಿಸಿದ್ದವು. ಕಾರಣ ಆಟಕ್ಕಿಂತ ಹೆಚ್ಚಾಗಿ ಕಾರ್ಡ್ ಬದಲಾಯಿಸುವಾಗಿನ ಜಗಳ. ಇಲ್ಲೂ ಅಷ್ಟೇ. ದೊಡ್ಡ ಹುಡುಗ ನಾಲ್ಕು ನಕಲಿ ಹೊಳಪಿನ ಕಾರ್ಡ್ ಕೊಟ್ಟು ಚಿಕ್ಕವನಿಂದ ಒಂದು ಅಸಲಿ ಎತ್ತಿಕೊಂಡು ಹೋಗುತ್ತಾನೆ. ಮನೆಯಲ್ಲಿ ಒಂದು ನಿಯಮ ಮಾಡಿ: ಯಾವುದನ್ನೇ ಕೊಡುವ ಮುಂಚೆ ಕೆಳಗಿನ ಸಂಖ್ಯೆ, ನಕ್ಷತ್ರ ನೋಡಬೇಕು, ಒಂದು ರಾತ್ರಿ ಬಿಟ್ಟು ಮರುದಿನ ಹೂಂ ಅನ್ನಬೇಕು. ದುಬಾರಿ ಕಾರ್ಡ್ ಶಾಲೆಗೆ ಹೋಗುವುದೇ ಬೇಡ.

ಬೆಲೆ ನೋಡಲು ಪೋಕೆಮಾನ್ ಹೆಸರು, ಸೆಟ್, ಸಂಖ್ಯೆ ಮೂರನ್ನೂ ಹಾಕಿ ಹುಡುಕಿ. ಅಮೆರಿಕದ ಬೆಲೆಗೆ ಟಿಸಿಜಿಪ್ಲೇಯರ್ ಜಾಲತಾಣ, ಯುರೋಪಿನದಕ್ಕೆ ಕಾರ್ಡ್‌ಮಾರ್ಕೆಟ್ ಜಾಲತಾಣ. ಇಬೇನಲ್ಲಿ ನೋಡುವುದಾದರೆ ‘ಸೋಲ್ಡ್’ ಅನ್ನು ಆರಿಸಿ, ಅಂದರೆ ನಿಜಕ್ಕೂ ಮಾರಾಟವಾದ ಬೆಲೆ. ಮಾರುವವನು ಕೇಳುತ್ತಿರುವ ಬೆಲೆ ಅವನ ಆಸೆ ಮಾತ್ರ. “ಪಿಕಾಚು ಕಾರ್ಡ್ ಕೋಟಿಗಟ್ಟಲೆಗೆ ಹೋಗಿದೆಯಲ್ಲ” ಅಂತ ಕೇಳಿದ್ದೀರಿ. ಹೌದು, 2021ರಲ್ಲಿ ಒಂದು ‘ಪಿಕಾಚು ಇಲಸ್ಟ್ರೇಟರ್’ 52,75,000 ಡಾಲರಿಗೆ ಕೈ ಬದಲಾಯಿಸಿತು. ಆ ಕಾರ್ಡನ್ನು ಅಂಗಡಿಯಲ್ಲಿ ಮಾರಿದ್ದೇ ಇಲ್ಲ. ಜಪಾನಿನ ‘ಕೊರೊಕೊರೊ’ ಮಾಸಿಕ 1997–98ರಲ್ಲಿ ನಡೆಸಿದ ಚಿತ್ರ ಸ್ಪರ್ಧೆಗಳಲ್ಲಿ ಗೆದ್ದವರಿಗೆ ಕೊಟ್ಟದ್ದು ಅದು. ಅದರ ಚಿತ್ರ ಪಿಕಾಚುವನ್ನು ರೂಪಿಸಿದ ಅತ್ಸುಕೊ ನಿಶಿದಾ ಅವರದು.

ಗ್ರೇಡಿಂಗ್ ಬಗ್ಗೆಯೂ ಕೇಳುತ್ತೀರಿ. ಪಿಎಸ್‌ಎ, ಬೆಕೆಟ್, ಸಿಜಿಸಿ ಅನ್ನೋ ಕಂಪನಿಗಳು ಕಾರ್ಡಿನ ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿಗಿದೆಯಾ ಅನ್ನೋದನ್ನು ನೋಡಿ 10ಕ್ಕೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುತ್ತವೆ. ಕಳಿಸುವ ಮುಂಚೆ ಕಾರ್ಡನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೂಲೆಯಲ್ಲಿ ಬಿಳಿ ಕಂಡರೆ, ಗೀರು ಕಂಡರೆ 10 ಬರುವುದನ್ನು ಮರೆತುಬಿಡಿ. ಶುಲ್ಕ, ವಿದೇಶಕ್ಕೆ ಹೋಗಿಬರುವ ವಿಮೆ ಸಹಿತ ಸಾಗಣೆ, ವಾಪಸ್ ಬರುವಾಗಿನ ಕಸ್ಟಮ್ಸ್ ಎಲ್ಲ ಕೂಡಿಸಿ ಒಂದು ಚೀಟಿಯಲ್ಲಿ ಬರೆಯಿರಿ. ಅದರ ಪಕ್ಕದಲ್ಲಿ ಅದೇ ಕಾರ್ಡ್ 9 ಅಂಕಕ್ಕೆ ಮಾರಾಟವಾದ ಬೆಲೆ ಬರೆಯಿರಿ. 10ರ ಬೆಲೆ ಬರೆಯಬೇಡಿ. ಎರಡನೆಯದು ದೊಡ್ಡದಿದ್ದರೆ ಕಳಿಸಿ, ಇಲ್ಲದಿದ್ದರೆ ಟಾಪ್‌ಲೋಡರ್‌ನಲ್ಲೇ ಇರಲಿ.